ನಾಲ್ಕು ಸರ್ಕಾರ, ಒಂದು ಯೆಜ್ಡಿ

ನಮ್ಮ ಗದಗ-ಬೆಟಗೇರಿ ಕಡೆ ನಿವೃತ್ತರಾದ ಗಂಡ-ಹೆಂಡತಿಗೆ ಊರು ಮಂಜೂರು ಮಾಡಿರುವುದು ಎರಡೇ ಯಾತ್ರೆ. ಒಂದು ಕಾಶಿ, ಇನ್ನೊಂದು ಮೊಮ್ಮಕ್ಕಳ ಮನೆ. ಮೊದಲನೆಯದರಿಂದ ಪುಣ್ಯ, ಎರಡನೆಯದರಿಂದ ಮೊಣಕಾಲು ನೋವು. ಎರಡನ್ನೂ ಮುಗಿಸಿ ಬಂದ ಮೇಲೂ ಮನೆಯಲ್ಲಿ ಕೂರದವರ ಮೇಲೆ ಓಣಿಗೆ ಸ್ವಲ್ಪ ಅನುಮಾನ. "ಅಕ್ಕಾರ, ಇಷ್ಟ ದೊಡ್ಡ ಮನಿ ಯಾರ ಸಲುವಾಗಿ ಕಟ್ಟಿಸಿದ್ರಿ?" ಎಂದು ಎದುರು ಮನೆಯಾಕೆ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಕಿಕ್ ಹೊಡೆದಿದ್ದರು. ಯೆಜ್ಡಿ ಶುರುವಾಯಿತೆಂದರೆ ಯಾರ ಪ್ರಶ್ನೆಗೂ ಉತ್ತರ ಕೊಡುವ ಜವಾಬ್ದಾರಿ ಇರುವುದಿಲ್ಲ. ಕೇಳಿಸಿದರಲ್ಲವೇ ಕೊಡುವುದು!

ತಪ್ಪೆಲ್ಲ ಅಮೆರಿಕದ್ದು. ಮಗ ಅರಿಜೋನಾದಲ್ಲಿದ್ದಾನೆ. ಒಂದು ಚಳಿಗಾಲ ನಮ್ಮನ್ನು ಕರೆಸಿಕೊಂಡವನು ಕ್ವಾರ್ಟ್ಸ್‌ಸೈಟ್ ಎಂಬ ಮರುಭೂಮಿಯ ಊರನ್ನು ತೋರಿಸಿದ. ಇರುವುದು ಕೆಲವೇ ಸಾವಿರ ಜನ. ಜನವರಿ ಬಂತೆಂದರೆ ಕೆನಡಾದಿಂದ, ಉತ್ತರದ ಹಿಮದ ರಾಜ್ಯಗಳಿಂದ ನಿವೃತ್ತರು ಮನೆಯನ್ನೇ ಓಡಿಸಿಕೊಂಡು ಬಂದು ಅಲ್ಲಿ ಬೀಡುಬಿಡುತ್ತಾರೆ. ಚಕ್ರದ ಮೇಲೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು. ಬೆನ್ನಿಗೆ ಬಿಗಿದ ಒಂದು ಮೋಟಾರ್ ಸೈಕಲ್ಲು. ಬೇಸರವಾದಾಗ ಮುದುಕ ಮುದುಕಿ ಅದನ್ನಿಳಿಸಿಕೊಂಡು ಮೆಕ್ಸಿಕೋ ಗಡಿಯ ಕಡೆ ಹೊರಟುಬಿಡುತ್ತಾರೆ. ಆ ಊರಲ್ಲಿ ಕಲ್ಲಿನ ಪಿರಮಿಡ್ಡಿನ ತುದಿಗೆ ಒಂಟೆಯನ್ನು ನಿಲ್ಲಿಸಿರುವ ಒಂದು ಗೋರಿ ಇದೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ತನ್ನ ಮರುಭೂಮಿಗೆಂದು ಒಂಟೆಗಳನ್ನು ತರಿಸಿತ್ತು. ಅವುಗಳ ಜೊತೆ ಬಂದ ಹಾಜಿ ಅಲಿ ಅಲ್ಲಿನವರ ಬಾಯಲ್ಲಿ 'ಹೈ ಜಾಲಿ' ಆದ. ಒಂಟೆಗಳ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ಒಂಟೆಯವನು ಮಾತ್ರ ಅಲ್ಲೇ ಉಳಿದು 1902ರಲ್ಲಿ ತೀರಿಕೊಂಡ. ನಮ್ಮವರು ಆ ಗೋರಿಯ ಮುಂದೆ ಬಹಳ ಹೊತ್ತು ನಿಂತರು. ಇಲಾಖೆಯ ಯೋಜನೆ ಮುಗಿದರೂ ಬೀದಿಯಲ್ಲಿ ಉಳಿದವನ ಕಷ್ಟ ಸರ್ಕಾರಿ ನೌಕರನಿಗೆ ಬೇಗ ತಿಳಿಯುತ್ತದೆ. ಕೊನೆಗೆ ಅವರು ಹೇಳಿದ್ದು ಬೇರೆಯೇ: "ಇವರ ಮರುಭೂಮಿಗಿಂತ ನಮ್ಮ ಸೀಮಿ ಏನ್ ಕಮ್ಮಿ ಐತಿ?"

ನಿಜ ಹೇಳಬೇಕೆಂದರೆ ಕಮ್ಮಿಯೇ. ಅರಿಜೋನಾದ ಫೀನಿಕ್ಸಿನಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಆಗುವುದಿಲ್ಲ, ಗದಗ ಜಿಲ್ಲೆಯ ಸರಾಸರಿ ಅದರ ಮೂರು ಪಟ್ಟು. ಆದರೆ ನಮ್ಮ ಸರಾಸರಿ ಬೀಳುವುದು ಕಚೇರಿಯ ಪುಸ್ತಕದಲ್ಲಿ. ಹೊಲದಲ್ಲಿ ಬೀಳುವುದು ಅದಕ್ಕೆ ಮನಸ್ಸು ಬಂದಾಗ.

ಊರಿಗೆ ಮರಳಿದವರೇ ಹಳೆಯ ಗೂಡ್ಸ್ ಟೆಂಪೋ ಒಂದನ್ನು ಕೊಂಡರು. ಬೆಟಗೇರಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಮಾನು ಮಾಡಿಸಿ, ಮೇಲೆ ತಾಡಪತ್ರಿ ಬಿಗಿಸಿದರು. ಒಳಗೆ ಮಡಚುವ ಮಂಚ, ಗಾದಿ, ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು. ಅಳತೆ ತೆಗೆದುಕೊಳ್ಳುತ್ತಿದ್ದ ಹುಡುಗ "ಗೋಬಿ ಮಂಚೂರಿ ಹಾಕ್ತೀರೇನ್ರಿ ಸರ, ಎಗ್‌ರೈಸೋ?" ಎಂದು ಕೇಳಿದ. ನಿವೃತ್ತರು ವ್ಯಾಪಾರಕ್ಕಿಳಿಯುವುದು ಅವನಿಗೆ ತಿಳಿಯುತ್ತಿತ್ತು. ಸ್ವಂತ ಮನೆ ಇಟ್ಟುಕೊಂಡು ಟೆಂಪೋದಲ್ಲಿ ಮಲಗಲು ಹೊರಡುವುದು ತಿಳಿಯಲಿಲ್ಲ.

ಬೆನ್ನಿಗೆ ಕಟ್ಟುವ ಮೋಟಾರ್ ಸೈಕಲ್ಲು ಮನೆಯಲ್ಲೇ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಆ ನಡುವೆ ಹುಟ್ಟಿದ ಯೆಜ್ಡಿ ನಮ್ಮದು. ಗೇರಿನ ಕಡ್ಡಿಯನ್ನೇ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯಬೇಕು. ಒಂದೇ ಕಡ್ಡಿಗೆ ಎರಡು ಕೆಲಸ. ಸರ್ಕಾರಿ ನೌಕರಿಯಲ್ಲಿ ಇದಕ್ಕೆ ಹೆಚ್ಚುವರಿ ಪ್ರಭಾರ ಎನ್ನುತ್ತಾರೆ, ಭತ್ಯೆ ಕೊಡುವುದಿಲ್ಲ. ಅಮೆರಿಕದವರ ಬೆನ್ನಿನ ಜಾಗ ನಮ್ಮ ಟೆಂಪೋಗೆ ಇಲ್ಲದ್ದರಿಂದ ಹಲಗೆ ಆನಿಸಿ ಯೆಜ್ಡಿಯನ್ನು ಒಳಗೇ ಏರಿಸುತ್ತೇವೆ. ಅದು ಒಳಗಿದ್ದರೆ ನಾವು ಹೊರಗೆ, ನಾವು ಒಳಗಿದ್ದರೆ ಅದು ಹೊರಗೆ. ಮಳೆ ಬಂದ ರಾತ್ರಿ ಯಾರು ಒಳಗಿರಬೇಕೆಂಬ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತ ಮೂಡಿಲ್ಲ.

ನನ್ನ ಅಜ್ಜ ಬದುಕಿದ್ದರೆ ಇದರಲ್ಲಿ ಹೊಸದೇನಿದೆ ಎಂದು ನಗುತ್ತಿದ್ದ. ಭರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗಲು ಕೊಲ್ಲಾರಿ ಬಂಡಿಗೆ ಕಮಾನು ಕಟ್ಟಿ, ಕೆಳಗೆ ಹೊಟ್ಟು-ಮೇವು, ಮೇಲೆ ಹೆಂಗಸರು-ಮಕ್ಕಳು, ಪಕ್ಕಕ್ಕೆ ಬುತ್ತಿಯ ಗಂಟು, ಹಿಂದೆ ನೇತಾಡುವ ಕೊಡ. ಇಡೀ ಸಂಸಾರ ಅದರಲ್ಲೇ ಉಂಡು, ಅದರ ಕೆಳಗೇ ಮಲಗಿ, ಗೊರವಪ್ಪ ಬಿಲ್ಲೇರಿ ನುಡಿಯುವ ಕಾರಣಿಕ ಕೇಳಿ ಬರುತ್ತಿತ್ತು. ಆ ಬಂಡಿಗೆ ಡೀಸೆಲ್ ಬೇಡ, ಎತ್ತಿಗೆ ಹೊಟ್ಟು ಸಾಕು. ಇಂದಿಗೂ ಜಾತ್ರೆಯ ಹೊತ್ತಿಗೆ ಅಂಥ ಬಂಡಿಗಳು ನಮ್ಮ ಟೆಂಪೋದ ಪಕ್ಕದಲ್ಲೇ ಹೋಗುತ್ತವೆ. ಒಳಗಿಂದ ಇಣುಕುವ ಮುದುಕಿಯರು ನನ್ನನ್ನು ನೋಡಿ ಕೈ ಬೀಸುತ್ತಾರೆ. ಅವರಿಗೆ ಯಾವ ಅನುಮಾನವೂ ಇಲ್ಲ.

ನಮ್ಮವರು ಇಡೀ ನೌಕರಿ ಕಳೆದದ್ದು ಸರ್ವೇಯರ್ ಆಗಿ. 33 ಅಡಿಯ ಸರಪಳಿ ಎಳೆಯುವುದು, ಬಾಂದುಕಲ್ಲು ಹುಡುಕುವುದು, ಹದ್ದುಬಸ್ತು ಮಾಡುವುದು, ಅಣ್ಣ-ತಮ್ಮಂದಿರ ಬೈಗುಳ ತಿನ್ನುವುದು. ಅಂಥವರಿಗೆ ಪಿಂಚಣಿ ಶುರುವಾದ ಮೇಲೆ ಹಿಡಿದ ಹುಚ್ಚು ಈಗ ಇಲ್ಲದ ಗಡಿಗಳದ್ದು. ನಮ್ಮ ಸೀಮೆಯ ಹಳೆಯ ನಕ್ಷೆಯೆಂದರೆ ಅಜ್ಜಿ ಹೊಲಿದ ಕೌದಿ. ಗದಗ, ಮುಂಡರಗಿ ಬ್ರಿಟಿಷರ ಬೊಂಬಾಯಿ ಇಲಾಖೆ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜಿನದು. ಮೂಡಲಿಗೆ ಕೊಪ್ಪಳ, ಯಲಬುರ್ಗಾ ನಿಜಾಮನವು. ತುಂಗಭದ್ರೆ ದಾಟಿದರೆ ಹೂವಿನಹಡಗಲಿ ಮದ್ರಾಸಿಗೆ ಸೇರಿದ್ದು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1953ರಲ್ಲಿ ಬಳ್ಳಾರಿ ಸೀಮೆ ಮೈಸೂರಿಗೆ ಬಂತು, 1956ರ ನವೆಂಬರ್ 1ಕ್ಕೆ ಹೊಲಿಗೆ ಪೂರ್ತಿಯಾಯಿತು. ಇವರು ಈಗ ಆ ಹೊಲಿಗೆಗಳನ್ನು ಒಂದೊಂದಾಗಿ ತಡವಿ ನೋಡುತ್ತಾರೆ. ಯೆಜ್ಡಿಯನ್ನು ಹಾಳು ಬಯಲಲ್ಲಿ ನಿಲ್ಲಿಸಿ, "ಇಳಿ" ಎನ್ನುತ್ತಾರೆ.

"ಯಾಕ್ರಿ, ಪಂಕ್ಚರ್ ಆತೇನ್ರಿ?"

"ಅಲ್ಲ. ಸಾಂಗ್ಲಿ ಮುಗೀತು. ಇಲ್ಲಿಂದ ಮಿರಜ."

ನೋಡಿದರೆ ಈ ಕಡೆ ಜಾಲಿ, ಆ ಕಡೆ ಜಾಲಿ. ನಡುವೆ ನಿಂತ ಒಂದು ಆಡು ಸಾಂಗ್ಲಿಯ ಜಾಲಿಯನ್ನು ಬಿಟ್ಟು ಮಿರಜಿನ ಜಾಲಿಯನ್ನು ಮೇಯುತ್ತಿದೆ. ನಾಲ್ಕನೆಯ ತರಗತಿಗೆ ನಕ್ಷೆ ಕಲಿಸಿ ಕಲಿಸಿ ಕೈ ಸವೆಸಿಕೊಂಡವಳು ನಾನು. ಗಡಿ ಎಂದರೆ ಕೆಂಪು ಬಣ್ಣದ ಗೆರೆ ಎಂದು ಮಕ್ಕಳಿಗೆ ಹೇಳಿದ್ದೆ. ಇಲ್ಲಿ ನೆಲ ಕೆಂಪಗಿದೆ, ಅಷ್ಟೇ. ಆಚೆಗೆ ಎರಿಯ ಕಪ್ಪು. ಮಸಾರಿ ಎಲ್ಲಿ ಮುಗಿಯಿತು, ಎರಿ ಎಲ್ಲಿ ಶುರುವಾಯಿತು ಎಂಬುದಕ್ಕೆ ಯಾವ ಮಹಾರಾಜನ ಸಹಿಯೂ ಬೇಕಾಗಿಲ್ಲ.

ಲಕ್ಷ್ಮೇಶ್ವರವನ್ನು ನಾನು ಇಷ್ಟಪಡುವುದು ಬೇರೆ ಕಾರಣಕ್ಕೆ. ತಿರುಳ್ಗನ್ನಡದ ನಾಡಿಗೆ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಈ ಪುಲಿಗೆರೆಯೂ ಒಂದು ಎಂದು ನಮ್ಮವರು ಸೋಮೇಶ್ವರ ಗುಡಿಯ ಮುಂದೆ ಪಾಠ ಶುರು ಮಾಡುತ್ತಾರೆ. (ಪಾಠ ಹೇಳುವ ನೌಕರಿ ನನ್ನದಾಗಿತ್ತು.) ನಾನು ನೇರ ಒಳಗೆ ಹೋಗುತ್ತೇನೆ. ಸೌರಾಷ್ಟ್ರದಿಂದ ಬಂದ ವ್ಯಾಪಾರಿ ಆದಯ್ಯ ಅಲ್ಲಿಯ ಸೋಮನಾಥನನ್ನೇ ಇಲ್ಲಿಗೆ ತಂದನೆಂಬುದು ಕಥೆ. ಗರ್ಭಗುಡಿಯಲ್ಲಿ ಶಿವ-ಪಾರ್ವತಿ ಇಬ್ಬರೂ ಒಂದೇ ನಂದಿಯ ಮೇಲೆ ಕುಳಿತಿದ್ದಾರೆ. ಸಾಮಾನು ಸರಂಜಾಮಿಲ್ಲ, ಹೆಲ್ಮೆಟ್ ಇಲ್ಲ, ದಾರಿ ಕೇಳಿದ ಲಕ್ಷಣವೂ ಇಲ್ಲ. ಪಾರ್ವತಿಯ ಮುಖದಲ್ಲಿ ನನಗೆ ಕಾಣುವ ತಾಳ್ಮೆಯನ್ನು ಶಿಲ್ಪಶಾಸ್ತ್ರದವರು ಯಾರೂ ಬರೆದಿಲ್ಲ. ಹಿಂದಿನ ಸೀಟಿನಲ್ಲಿ ವರ್ಷಾನುಗಟ್ಟಲೆ ಕೂತವರಿಗಷ್ಟೇ ಅದು ಕಾಣುತ್ತದೆ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಆ ಊರಿನಲ್ಲಿ ಟೆಂಪೋ ನಿಲ್ಲಿಸಿ ಹಿಂಬಾಗಿಲು ತೆಗೆದರೆ ಜಾತಿ-ಮತ ನೋಡದೆ ಎಲ್ಲರೂ ಕೇಳುವುದು ಒಂದನ್ನೇ: "ಒಂದ ಪ್ಲೇಟ್ ಗಿರ್ಮಿಟ್ ಕೊಡ್ರಿ." ಇದು ಮನೆ, ಅಂಗಡಿಯಲ್ಲ ಎಂದು ಹೇಳಿ ಹೇಳಿ ನಾನು ಸೋತೆ. ಒಂದು ಸಂಜೆ ಚುರುಮುರಿ, ಉಳ್ಳಾಗಡ್ಡಿ ಹೇಗೂ ಇದ್ದವು; ಶಾಲೆ ಬಿಟ್ಟು ಬಂದ ಹುಡುಗರಿಗೆ ಕಲಸಿಕೊಟ್ಟೆ. ಒಬ್ಬ ತಿಂದು ಬೆರಳು ನೆಕ್ಕುತ್ತ "ಮಿರ್ಚಿ ಇಲ್ಲೇನ್ರಿ?" ಎಂದ. ಗದಗಿನವಳನ್ನು ಹಾಗೆ ಕೇಳಬಾರದಿತ್ತು. ಮುಂದಿನ ಸಲಕ್ಕೆ ಕಡ್ಲಿಹಿಟ್ಟು ಇಟ್ಟುಕೊಂಡೇ ಹೊರಟೆ.

ಅಲ್ಲಿಂದ ದೂರವಿಲ್ಲ ಮಾಗಡಿ ಕೆರೆ. ಹಿಮಕ್ಕೆ ಹೆದರಿ ಬರುವ ಪ್ರವಾಸಿಗಳು ಅರಿಜೋನಾಕ್ಕೆ ಮಾತ್ರ ಅಲ್ಲ, ನಮ್ಮಲ್ಲಿಗೂ ಬರುತ್ತಾರೆ. ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪ್ರತಿ ಚಳಿಗಾಲ ಇಲ್ಲಿಗಿಳಿಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ಬಾತುಗಳಿಗೆ ಕೆರೆ ಬೇಕಿರುವುದು ವಿಶ್ರಾಂತಿಗೆ; ಊಟಕ್ಕೆ ಹೋಗುವುದು ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ. ವೀಸಾ ಇಲ್ಲ, ಬಿಲ್ಲೂ ಇಲ್ಲ. ದಂಡೆಯ ಮೇಲೆ ಕಟಕ ರೊಟ್ಟಿ, ಗುರೆಳ್ಳು ಚಟ್ನಿ ಬಿಚ್ಚಿ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. "ಇವು ಜೋಡಿ ಜೋಡಿ ಇರ್ತಾವ, ನೋಡು" ಎಂದರು ನಮ್ಮವರು. "ಅವಕ್ಕ ಬೇರೆ ಬೇರೆ ತಾಲ್ಲೂಕಿಗೆ ಪೋಸ್ಟಿಂಗ್ ಹಾಕಿಲ್ಲರಿ" ಎಂದೆ.

ಆ ಮಾತು ಬಾಯಿಂದ ಜಾರಿತು, ಆದರೆ ಸುಳ್ಳಲ್ಲ. ನನ್ನ ನೌಕರಿಯ ಒಳ್ಳೆಯ ವರ್ಷಗಳು ಕಪ್ಪತಗುಡ್ಡದ ಬುಡದಲ್ಲಿ, ಡೋಣಿಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಕಳೆದವು. ಅವರು ಆಗ ಇನ್ನೆಲ್ಲೋ ಸರಪಳಿ ಹಿಡಿದು ತಿರುಗುತ್ತಿದ್ದರು. ಶನಿವಾರ ಸಂಜೆ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಭೇಟಿ, ಸೋಮವಾರ ನಸುಕಿಗೆ ಅದೇ ಸ್ಟ್ಯಾಂಡಿನಲ್ಲಿ ಬೀಳ್ಕೊಡುಗೆ. ನಡುವಿನ ಭಾನುವಾರ ಬಟ್ಟೆ ಒಗೆಯುವುದರಲ್ಲಿ, ಮಕ್ಕಳ ಕೆಮ್ಮಿನಲ್ಲಿ ಮುಗಿಯುತ್ತಿತ್ತು. ಒಂದೇ ಜಿಲ್ಲೆಯಲ್ಲಿದ್ದುಕೊಂಡು ಅವರ ಹೊಲಗಳನ್ನು ನಾನು ನೋಡಿರಲಿಲ್ಲ, ನನ್ನ ಶಾಲೆಯನ್ನು ಅವರು ನೋಡಿರಲಿಲ್ಲ. ಬೊಂಬಾಯಿ-ಮದ್ರಾಸಿನ ಮಾತೆಲ್ಲ ಮೇಲಿನದು. ಯೆಜ್ಡಿ ನಿಜವಾಗಿ ಹೋಗುತ್ತಿರುವುದು ಆ ಊರುಗಳಿಗೆ ಎಂದು ನನಗೆ ಅರ್ಥವಾದದ್ದು ತಡವಾಗಿ. ಅವರಿಗೆ ಬಹುಶಃ ಮೊದಲೇ ಗೊತ್ತಿತ್ತು, ಹೇಳಿರಲಿಲ್ಲ. ಸರ್ವೇಯರುಗಳು ಅಳತೆ ಮುಗಿಯುವ ತನಕ ಬಾಯಿ ಬಿಡುವುದಿಲ್ಲ.

ಡಂಬಳದ ಕೆರೆಯ ಬಳಿ ಟೆಂಪೋದಲ್ಲಿ ಮಲಗಿ ಎದ್ದು, ದೊಡ್ಡಬಸಪ್ಪನ ಗುಡಿಯ ನಕ್ಷತ್ರದ ಮೂಲೆಗಳನ್ನು ನಮ್ಮವರು ಬೆರಳಲ್ಲೇ ಅಳೆದು ತೃಪ್ತಿಪಟ್ಟ ಮೇಲೆ, ಯೆಜ್ಡಿಯಲ್ಲಿ ನನ್ನ ಶಾಲೆಗೆ ಹೋದೆವು. ಗುಡ್ಡದ ತುಂಬ ಈಗ ಗಾಳಿಯಂತ್ರಗಳು, ಊರವರ ಬಾಯಲ್ಲಿ 'ಫ್ಯಾನು'. 2019ರಲ್ಲಿ ಗುಡ್ಡ ವನ್ಯಜೀವಿಧಾಮವೂ ಆಯಿತು. "ಫ್ಯಾನ್ ಬಂದ ಮ್ಯಾಲೆ ಮಳಿ ಹೋತ್ರಿ" ಎಂದು ಅಗಸಿಯ ಕಟ್ಟೆಯ ಮೇಲಿನವರು ದೂರಿದರು. ಫ್ಯಾನು ಬರುವ ಮೊದಲು ಅದೇ ಕಟ್ಟೆಯ ಮೇಲೆ ಮಳೆ ಹೋದದ್ದಕ್ಕೆ ಬೇರೆ ಕಾರಣ ಕೇಳಿದ್ದೆ. ಅಷ್ಟರಲ್ಲಿ ಶೇಂಗಾ ಬುಟ್ಟಿ ಹೊತ್ತು ಬರುತ್ತಿದ್ದ ಹೆಣ್ಣುಮಗಳು ನಿಂತು, ನೋಡಿ, ಬುಟ್ಟಿ ಇಳಿಸಿ, "ಅಕ್ಕಾರ!" ಎಂದಳು. ಮಗ್ಗಿ ತಪ್ಪಿದಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದ ಹುಡುಗಿ. ಈಗ ತಲೆ ಅರ್ಧ ನೆರೆತಿದೆ. ಕಾಲು ಮುಟ್ಟಿದಳು, ಕಣ್ಣೊರೆಸಿಕೊಂಡಳು. ಆಮೇಲೆ ನಮ್ಮವರ ಕಡೆ ಗೋಣು ಹಾಕಿ ಮೆಲ್ಲಗೆ ಕೇಳಿದಳು: "ಇವರ ಯಾರ್ರಿ?"

"ನಮ್ಮನಿಯವರವ್ವಾ."

"ಹೌದ್ರಿ? ನಿಮಗ ಯಜಮಾನ್ರು ಅದಾರ ಅನ್ನೂದ ನಮಗ ಗೊತ್ತ ಇರಲಿಲ್ಲ ಬಿಡ್ರಿ."

ನಮ್ಮವರು ಶಾಲೆಯ ಕಾಂಪೌಂಡನ್ನು ಹೆಜ್ಜೆಯಿಂದ ಅಳೆಯುತ್ತ ಆ ತುದಿಗೆ ಹೋದರು. ಬಹಳ ಹೊತ್ತು ಅಲ್ಲೇ ಇದ್ದರು. ಅಷ್ಟು ದೊಡ್ಡ ಕಾಂಪೌಂಡೇನಲ್ಲ ಅದು.

ಅದಕ್ಕೆ ಬಡ್ಡಿ ಸಮೇತ ಸಿಕ್ಕಿದ್ದು ಮುಂಡರಗಿಯ ದಾರಿಯಲ್ಲಿ. ಹೊಲದ ಬದುವಿನ ಮೇಲಿಂದ ಒಬ್ಬ ಮುದುಕ ಯೆಜ್ಡಿಯ ಸದ್ದು ಗುರುತು ಹಿಡಿದು ಓಡಿಬಂದ. "ಸರ್ವೇ ಸಾಹೇಬ್ರ, ನೀವು ಹೋದ ಮ್ಯಾಲೆ ನಮ್ಮ ತಮ್ಮ ಬಾಂದುಕಲ್ಲ ಕಿತ್ತು ಈ ಕಡೆ ಹುಗದಾನ್ರಿ!" ಇವರು ನಿವೃತ್ತರೆಂದು ನಾನು ಹೇಳಿದೆ. ಕಲ್ಲು ಕಿತ್ತವನು ನಿವೃತ್ತನಾಗಿಲ್ಲವಲ್ಲ ಎಂಬ ಅರ್ಥದಲ್ಲಿ ಮುದುಕ ನನ್ನನ್ನು ನೋಡಿದ. ನಮ್ಮವರ ಜೇಬಿನಿಂದ ಟೇಪು ಹೊರಬಂತು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡಿ, ಸಡ್ಲ ಬಿಡಬ್ಯಾಡ" ಎಂದರು. ಎರಿಯ ಬಿರುಕುಗಳ ನಡುವೆ ಸೀರೆ ಎತ್ತಿ ಸಿಕ್ಕಿಸಿಕೊಂಡು ನಾನು ಟೇಪು ಹಿಡಿದು ನಡೆದೆ. ಆ ತುದಿಯಲ್ಲಿ ಅವರು ಕಣ್ಣು ಕಿರಿದು ಮಾಡಿ, ತಲೆಗೆ ಟವೆಲ್ ಸುತ್ತಿ, ಯಾರದೋ ಅರ್ಧ ಗುಂಟೆಗಾಗಿ ಅಷ್ಟೊಂದು ಗಂಭೀರವಾಗಿ ನಿಂತಿದ್ದರು. ಇಷ್ಟು ವರ್ಷ ಸೋಮವಾರ ನಸುಕಿಗೆ ಬಸ್ ಹತ್ತಿ ಇಲ್ಲಿಗೆ ಬರುತ್ತಿದ್ದವರು ಇವರು. ನಾನು ಬಲ್ಲವರು ಇವರಲ್ಲ. ಅವರು ಇಷ್ಟು ಗಂಭೀರರಲ್ಲ, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಜಗಳವಾಡುವವರು. ತಮ್ಮನೂ ಬಂದ. ಬೈಗುಳವೂ ಆಯಿತು. ಕೊನೆಗೆ ಅಣ್ಣ-ತಮ್ಮ ಇಬ್ಬರಿಗೂ ಟೆಂಪೋದಲ್ಲಿ ಚಹಾ ಕಾಸಿಕೊಟ್ಟೆ. ಕಲ್ಲು ಎಲ್ಲಿತ್ತೋ ಅಲ್ಲೇ ಉಳಿಯಿತು.

ಮುಂಡರಗಿಯ ಗಡಿಗಳು ಮಾತ್ರ ಚಹಾದಿಂದ ತೀರಿದವಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಮಡಿದ. 1947-48ರಲ್ಲಿ ನಿಜಾಮನ ಸೀಮೆಯೊಳಗೆ ನುಗ್ಗುವ ಹೋರಾಟಗಾರರ ಶಿಬಿರ ಇಲ್ಲಿಯೇ, ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ನಡೆಯಿತು. ಆಗ ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದ ಗೆರೆಯನ್ನು ಈಗ ಕೊಪ್ಪಳದ ಬಸ್ಸು ನಿದ್ದೆಗಣ್ಣಿನಲ್ಲಿ ದಾಟುತ್ತದೆ.

ಹೊಳೆ ಇನ್ನೊಂದು ಕಡೆ. ಟೆಂಪೋವನ್ನು ಕೊರ್ಲಹಳ್ಳಿಯಲ್ಲಿ ಬಿಟ್ಟು ತುಂಗಭದ್ರೆಯ ಸೇತುವೆಗೆ ಯೆಜ್ಡಿ ಏರಿಸಿದೆವು. ಆಚೆ ದಡ ಮದಲಗಟ್ಟಿ, ಅದರಾಚೆ ಹಡಗಲಿ, ಅಲ್ಲಿ ಮಲ್ಲಿಗೆ. ಸರಿಯಾಗಿ ನಡುವಿಗೆ ಬಂದಾಗ ಗಾಡಿ ನಿಂತಿತು. ನಾನು ಈ ಸಲ ಯಾಕೆಂದು ಕೇಳಲಿಲ್ಲ. ಬೆಂಗಳೂರಿನಿಂದ ಮಗಳ ಫೋನು ಬಂತು.

"ಅಪ್ಪಾ, ಎಲ್ಲಿದ್ದೀರಿ?"

"ಬೊಂಬಾಯಿ ದಾಟಿದ್ವಿ. ಇನ್ನ ಹತ್ತ ಮಾರು ಹ್ವಾದ್ರ ಮದ್ರಾಸು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅವ್ವನ ಕೈಯಾಗ ಕೊಡಪ್ಪಾ" ಎಂದಳು.

"ಅವ್ವಾ, ಅಪ್ಪ ಆರಾಮ ಅದಾನಿಲ್ಲೋ?"

"ಆರಾಮ ಅದಾರ. ಈಗ ಫೋನ್ ಇಡವಾ, ಮದ್ರಾಸಿನ್ಯಾಗ ಹೊತ್ತ ಮುಳಗಿದ್ರ ಮಲ್ಲಿಗಿ ಸಿಗೂದಿಲ್ಲ" ಎಂದೆ.