ಎಸ್‌ಡಿಸಿ ಯಾರ ಹೆಸರು?

ಲಿನಕ್ಸ್ ಸರ್ವರ್ ಮುಟ್ಟಿದವರಿಗೆ ಎಸ್‌ಡಿಎ, ಎಸ್‌ಡಿಬಿ ಗೊತ್ತಿರ್ತಾವು. ಡಿಸ್ಕುಗಳ ಹೆಸರು. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಅವು ಹೆಸರಲ್ಲ, ಪಾಳಿ. ನಮ್ಮೂರು ಬಮ್ಮಿಗಟ್ಟಿಯಲ್ಲಿ ಹಿಟ್ಟಿನ ಗಿರಣಿ ಮುಂದೆ ಡಬ್ಬಿ ಸಾಲಿಗೆ ಇಡ್ತಾರಲ್ಲ, ಹಂಗ. ಇವತ್ತು ಮೂರನೇದು ನಮ್ಮ ಡಬ್ಬಿ, ನಾಳೆ ಮೂರನೇದು ಯಾರದೋ. ಬೂಟ್ ಆಗುವಾಗ ಕರ್ನಲ್‌ಗೆ ಯಾವ ಡಿಸ್ಕ್ ಮೊದಲು ಓಗೊಡುತ್ತದೋ ಅದಕ್ಕೆ ಮೊದಲ ಅಕ್ಷರ. ಒಂದೇ ಡಿಸ್ಕಿನ ಲ್ಯಾಪ್‌ಟಾಪಿನಲ್ಲಿ ಇದು ತಿಳಿಯುವುದೇ ಇಲ್ಲ. ಹನ್ನೆರಡು ಡಿಸ್ಕಿನ ಸ್ಟೋರೇಜ್ ಸರ್ವರಿನಲ್ಲಿ ತಿಳಿಯುತ್ತದೆ, ಅದೂ ರಾತ್ರಿ ಎರಡೂವರೆಗೆ.

ಆವತ್ತು ಸಂಜೆ ಹೊಸ ಡಿಸ್ಕ್ ಹಾಕಿ, ನೋಟ್‌ಬುಕ್ಕಿನಲ್ಲಿ 'ಹೊಸದು = ಎಸ್‌ಡಿಸಿ' ಅಂತ ಬರೆದಿಟ್ಟಿದ್ದೆ. ರಾತ್ರಿ ಕರ್ನಲ್ ಅಪ್‌ಡೇಟ್, ರೀಬೂಟ್. ಡೇಟಾ ಇದ್ದ ಎಸ್‌ಡಿಬಿಯೂ ಹೊಸ ಎಸ್‌ಡಿಸಿಯೂ ಪಾಳಿ ಬದಲಿಸಿಕೊಂಡಿದ್ದವು. ಎಫ್‌ಎಸ್‌ಟ್ಯಾಬ್‌ನಲ್ಲಿ ಮಾತ್ರ ಎಸ್‌ಡಿಬಿ ಅಂತಲೇ ಇತ್ತು. ಖಾಲಿ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು? 'ನೋಫೇಲ್' ಅಂತ ನಾನೇ ಬರೆದಿದ್ದರಿಂದ ಸರ್ವರ್ ಸುಮ್ಮನೆ ಮುಂದೆ ಹೋಯಿತು. ನಾನು ಎಸ್‌ಡಿಸಿ ಮೇಲೆ ಫಾರ್ಮ್ಯಾಟ್ ಹೊಡೆದೆ. ಇದರಲ್ಲಿ ಈಗಾಗಲೇ ಫೈಲ್‌ಸಿಸ್ಟಮ್ ಇದೆ, ಮುಂದುವರಿಯಲೇ ಅಂತ ಅದು ಕೇಳಿತು ಕೂಡ. ನಿದ್ದೆಗಣ್ಣು, ವೈ ಒತ್ತಿದೆ.

ಬ್ಯಾಕಪ್ ಇತ್ತು, ಮೂರು ದಿನ ಹಳೇದು. ಆ ಮೂರು ದಿನದ ಕೆಲಸ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಯದು. ಅವಳು ಏನೂ ಅನ್ನಲಿಲ್ಲ, ಮತ್ತೆ ಮೊದಲಿಂದ ಮಾಡಲು ಕೂತಳು. ಬೈದಿದ್ದರೆ ಚಲೋ ಇತ್ತು.

ಪರಿಹಾರ ಹೊಸದೇನಲ್ಲ. ಗ್ರೆಗ್ ಕ್ರೋವಾ-ಹಾರ್ಟ್‌ಮನ್ 2003ರಲ್ಲೇ ಯುಡೆವ್ ಬಗ್ಗೆ ಪ್ರಬಂಧ ಮಂಡಿಸಿದ್ದರು. ಬದಲಾಗದ ಹೆಸರು ಕೊಡುವುದು ಅದರ ಉದ್ದೇಶಗಳಲ್ಲೊಂದು. ಯುಡೆವ್ ಪ್ರತಿ ಬೂಟಿನಲ್ಲೂ ಬೈ-ಐಡಿ, ಬೈ-ಯುಯುಐಡಿ, ಬೈ-ಪಾತ್ ಅನ್ನೋ ಫೋಲ್ಡರುಗಳಲ್ಲಿ ಲಿಂಕ್ ಮಾಡಿಡುತ್ತದೆ. ಬೈ-ಪಾತ್ ಡಿಸ್ಕ್ ಕೂತ ಜಾಗದ ವಿಳಾಸ. ಮೌಂಟ್ ಮಾಡಲು ಯುಯುಐಡಿ ಸಾಕು. ಆದರೆ ಅದು ಫೈಲ್‌ಸಿಸ್ಟಮ್‌ನ ಗುರುತು: ಫಾರ್ಮ್ಯಾಟ್ ಮಾಡಿದರೆ ಬದಲಾಗುತ್ತದೆ, ಕ್ಲೋನ್ ಮಾಡಿದರೆ ಎರಡು ಡಿಸ್ಕಿಗೂ ಒಂದೇ. ಅಳಿಸುವ ಕೆಲಸಕ್ಕೆ ಬೈ-ಐಡಿಯೇ ಬೇಕು. ಅದರಲ್ಲಿ ಡಿಸ್ಕಿನ ಸೀರಿಯಲ್ ನಂಬರ್ ಇರುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲೂ ಅದೇ; ಕಣ್ಣಾರೆ ತಾಳೆ ನೋಡಬಹುದು.

ಮುಂದಿನ ವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಡಿಸ್ಕ್ ಅಂದರೇನು ಅಂತ ಅವನು ಕೇಳಲಿಲ್ಲ. "ಉತಾರ ನೋಡ್ಲಾರದ ಮಂದಿ ಹೊಲದಾಗ ಕುಂಟಿ ಹೊಡದಂಗ ಆತಲ್ಲೋ" ಅಂದ. ನಮ್ಮ ಹೊಲಕ್ಕೆ ಉತಾರದಲ್ಲಿ ಸರ್ವೆ ನಂಬರ್ ಇದೆ. ಅಜ್ಜನಿಂದ ಅಪ್ಪನ ಹೆಸರಿಗೆ ಬಂದಾಗಲೂ ನಂಬರ್ ಬದಲಾಗಲಿಲ್ಲ. ಮನೆಯಲ್ಲಿ ಮಾತ್ರ ಅದು ಹುಣಸಿಗಿಡದ ಹೊಲ. ಗಿಡ ನಾನು ಹುಟ್ಟೋ ಮೊದಲೇ ಬಿದ್ದಿದೆ. ನಮಗೆ ತಿಳೀತದ, ಹೊರಗಿನವರಿಗೆ ಹುಡುಕಿದರೂ ಸಿಗೂದಿಲ್ಲ. ನನ್ನ ನೋಟ್‌ಬುಕ್ಕಿನ 'ಹೊಸದು' ಕೂಡ ಅಂಥದ್ದೇ.

ಬೆಂಗಳೂರಿಗೆ ಬಂದ ಮೇಲೆ ಒಂದು ಶನಿವಾರ ಸರ್ವರ್ ಆರಿಸಿ, ಡಿಸ್ಕುಗಳನ್ನು ಒಂದೊಂದಾಗಿ ಎಳೆದು ಟ್ರೇಗಳ ಮೇಲೆ ಚೀಟಿ ಅಂಟಿಸಿದೆ. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ. ಆ ಹುಡುಗಿ ಓದಿ ಹೇಳಿದಳು, ನಾನು ಬರೆದುಕೊಂಡೆ. ಎರಡೆರಡು ಸಲ ಓದಿಸಿದೆ.