ವಿಕಿ ಎಂಬ ಮಾತು

ಮಗುವಿಗೆ ಹೆಸರಿಡುವಾಗ ನಕ್ಷತ್ರವನ್ನೂ ಕುಲದೈವವನ್ನೂ ತೀರಿಹೋದ ಅಜ್ಜನನ್ನೂ ನೆನೆಯುವುದು ಕನ್ನಡನಾಡಿನ ಮನೆಗಳ ವಾಡಿಕೆ. ಅಂತರ್ಜಾಲದ ತಾಣಗಳಿಗೆ ಅಂಥ ನಾಮಕರಣದ ಭಾಗ್ಯವಿಲ್ಲ. ಯಾಹೂ ಎಂಬುದು ೧೭೨೬ರಲ್ಲಿ ಸ್ವಿಫ್ಟನು ತನ್ನ ಕಥೆಯೊಳಗಿನ ಪಶುಪ್ರಾಯರಾದ ನರರಿಗೆ ಕೊಟ್ಟ ಹೆಸರು. ಗೂಗಲ್ ಎಂಬುದು, ಒಂದರ ಮುಂದೆ ನೂರು ಸೊನ್ನೆಗಳನ್ನಿಟ್ಟ ಸಂಖ್ಯೆಗೆ ಗಣಿತಜ್ಞ ಕ್ಯಾಸ್ನರನ ಸೋದರಳಿಯನಾದ ಬಾಲಕನು ಕಟ್ಟಿದ ಮಾತಿನ ಅಪಭ್ರಂಶ. ಇವೆಲ್ಲ ವಿನೋದಕ್ಕೆ ಸಾಕು. ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಶ್ವಕೋಶವಾದ ವಿಕಿಪೀಡಿಯದ ಹೆಸರಿನ ಕಥೆಯಾದರೋ ವಿನೋದದಲ್ಲಿಯೇ ಮುಗಿಯುವಂಥದಲ್ಲ.

ಅಮೆರಿಕದ ಗಣಕತಜ್ಞ ವಾರ್ಡ್ ಕನ್ನಿಂಗ್‌ಹ್ಯಾಮನು ಹವಾಯಿ ದ್ವೀಪಗಳಿಗೆ ಹೋಗಿದ್ದಾಗ, ಹೊನೊಲುಲುವಿನ ವಿಮಾನನಿಲ್ದಾಣದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ‘ವಿಕಿವಿಕಿ’ ಬಸ್ಸನ್ನು ಹತ್ತಬೇಕೆಂದು ಅಲ್ಲಿಯ ನೌಕರರೊಬ್ಬರು ತಿಳಿಸಿದರು. ಆ ನಾಡಿನ ನುಡಿಯಲ್ಲಿ ವಿಕಿ ಎಂದರೆ ಬೇಗ. ವಿಕಿವಿಕಿ ಎಂದರೆ ಬೇಗಬೇಗ. ಓದಿದವರೇ ಕೂಡಲೆ ತಿದ್ದಬಹುದಾದ ಪುಟಗಳನ್ನು ೧೯೯೫ರಲ್ಲಿ ಲೋಕದ ಮುಂದಿಟ್ಟಾಗ ಆತನು ಇಂಗ್ಲಿಷಿನ ‘ಕ್ವಿಕ್’ ಎಂಬುದನ್ನು ಬಿಟ್ಟು ಈ ಬಸ್ಸಿನ ಹೆಸರನ್ನೇ ಅವಕ್ಕೆ ಕೊಟ್ಟನು. ೨೦೦೧ರಲ್ಲಿ ವಿಶ್ವಕೋಶವು ಹುಟ್ಟಿದಾಗ, ಶಿಕ್ಷಣವೆಂಬ ಅರ್ಥದ ಗ್ರೀಕ್ ಮಾತಿನಿಂದ ಇಳಿದುಬಂದ ‘ಪೀಡಿಯ’ ವಿಕಿಯ ಬೆನ್ನಿಗೆ ಅಂಟಿತು. ಸಂಸ್ಕೃತ ಕನ್ನಡಗಳ ಬೆರಕೆಯನ್ನೇ ಅರಿಸಮಾಸವೆಂದು ಹಳಿದ ಕೇಶಿರಾಜನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೂ ೨೦೦೩ರಲ್ಲಿ ಕನ್ನಡದ ವಿಕಿಪೀಡಿಯವು ಮೊದಲಾದಾಗ ಈ ಹೆಸರು ಕನ್ನಡದ ಕಿವಿಗೆ ಕರ್ಕಶವಾಗಲು ಕಾರಣವಿರಲಿಲ್ಲ. ಹವಾಯಿಯ ನುಡಿಯಲ್ಲಿ ಪದಗಳೆಲ್ಲ ಸ್ವರಾಂತ. ದ್ವಿರುಕ್ತಿಯ ಮೇಲೆ ಅದಕ್ಕೂ ಕನ್ನಡದಷ್ಟೇ ಮೋಹ.

ಈ ಮಾತು ಬಸ್ಸನ್ನೇರಿ ಲೋಕಸಂಚಾರಕ್ಕೆ ಹೊರಟ ಕಾಲದಲ್ಲಿ ಅದನ್ನು ಹೆತ್ತ ನುಡಿಯ ಪಾಡೇನಾಗಿತ್ತು? ೧೮೯೩ರಲ್ಲಿ ಹವಾಯಿಯ ರಾಣಿಯನ್ನು ಸಿಂಹಾಸನದಿಂದಿಳಿಸಿದರು. ೧೮೯೬ರ ಕಾಯಿದೆಯು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾಭಾಷೆಯನ್ನಾಗಿ ವಿಧಿಸಿತು. ತಾಯ್ನುಡಿಯನ್ನಾಡಿದ ಮಕ್ಕಳು ಶಾಲೆಯಲ್ಲಿ ದಂಡನೆಗೆ ಗುರಿಯಾದರು. ದೊಡ್ಡವರಾದ ಮೇಲೆ ಅವರಲ್ಲಿ ಅನೇಕರು ತಮ್ಮ ಮಕ್ಕಳೊಡನೆ ಆ ನುಡಿಯನ್ನು ಆಡದೆ ಹೋದರು. ಏಟು ತಿಂದವರು ತಮ್ಮ ಕೂಸುಗಳಿಗೆ ಅದೇ ಏಟನ್ನು ಬಯಸದಿದ್ದರೆ ಅವರನ್ನು ದೂರುವುದು ಹೇಗೆ? ೧೯೮೦ರ ದಶಕದ ಆರಂಭದ ಹೊತ್ತಿಗೆ ಹವಾಯಿಯ ನುಡಿಯನ್ನು ಬಲ್ಲ ಎಳೆಯರು ಐವತ್ತಕ್ಕೂ ಕಡಿಮೆಯೆಂದು ಎಣಿಸಲಾಯಿತು. ಪಾಠಶಾಲೆಯಿಂದ ಹೊರದೂಡಲ್ಪಟ್ಟ ಭಾಷೆಯು ಬಸ್ಸಿನ ಮೈಮೇಲೆ ಅಲಂಕಾರವಾಗಿ ಉಳಿದಿತ್ತೆಂದರೆ ಅದು ಅತಿಶಯೋಕ್ತಿಯಲ್ಲ. ಪ್ರವಾಸಿಗಳಿಗೆ ಅದರಲ್ಲಿ ಎರಡು ಮಾತು ಸಾಕಾಗಿತ್ತು.

ಅದು ಅಲ್ಲಿಗೇ ನಿಲ್ಲದಂತೆ ಮಾಡಿದವರು ಕೆಲವು ತಂದೆತಾಯಿಗಳೂ ಉಪಾಧ್ಯಾಯರೂ. ೧೯೭೮ರಲ್ಲಿ ಆ ನುಡಿಗೆ ಇಂಗ್ಲಿಷಿನ ಜೊತೆಗೆ ರಾಜ್ಯಭಾಷೆಯ ಸ್ಥಾನ ದೊರೆತಿತ್ತಾದರೂ ಕಾಗದದ ಸ್ಥಾನದಿಂದ ಕೂಸುಗಳ ಬಾಯಿ ತೆರೆಯದಷ್ಟೆ. ೧೯೮೪ರಲ್ಲಿ ಕೌವಾಯಿ ದ್ವೀಪದ ಕೆಕಾಹದಲ್ಲಿ ಅವರು ಒಂದು ಶಿಶುವಿಹಾರವನ್ನು ತೆರೆದರು. ಅಲ್ಲಿ ಹವಾಯಿಯ ನುಡಿಯೊಂದೇ ನಡೆಯತಕ್ಕದ್ದು. ಅದರ ಹೆಸರು ‘ಪೂನಾನ ಲಿಯೊ’, ಎಂದರೆ ನುಡಿಯ ಗೂಡು. ಸರ್ಕಾರಿ ಶಾಲೆಗಳ ಹಳೆಯ ನಿಷೇಧವು ೧೯೮೬ರಲ್ಲಿ ತೊಲಗಿತು. ಹಾಗೆ ಅದು ಬಾಳಿದ್ದು ತೊಂಬತ್ತು ವರ್ಷ.

ಈಗ ಹವಾಯಿಯ ನುಡಿಯಲ್ಲಿಯೂ ಸಣ್ಣದೊಂದು ವಿಕಿಪೀಡಿಯವುಂಟು. ಆ ನುಡಿಯ ಅಕ್ಷರಮಾಲೆಯಲ್ಲಿ ಡಕಾರವಿಲ್ಲ. ಆದಕಾರಣ ಲೋಕವೆಲ್ಲ ಸುತ್ತಿ ಮನೆಗೆ ಬಂದ ಹೆಸರನ್ನು ಅಲ್ಲಿಯವರು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ವಿಕಿಪಿಕಿಯ’ ಎಂದು ಬರೆಯುತ್ತಾರೆ.