ಗೌರಿಬಿದನೂರಿನ ಬಯಲಲ್ಲಿ ಕಲಿತ ವಿದ್ಯೆ

ಎಂಬತ್ತರ ದಶಕದಲ್ಲಿ ಎಂ.ಎಸ್‌ಸಿ. ಮುಗಿಸಿ ಗೌರಿಬಿದನೂರಿಗೆ ಹೋದಾಗ ಮೊದಲು ನನ್ನ ಕೈಗೆ ಬಂದದ್ದು ಸಾಲ್ಡರಿಂಗ್ ಐರನ್. ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ ಕಟ್ಟಿದ ಅಲ್ಲಿನ ರೇಡಿಯೋ ದೂರದರ್ಶಕಕ್ಕೆ ತಟ್ಟೆಯಿಲ್ಲ. ಪೂರ್ವ-ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದದ ಸಾಲು, ಅದರಿಂದ ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರಿನ ಇನ್ನೊಂದು ಸಾಲು, ಎರಡರಲ್ಲೂ ಸೇರಿ 1000 ಡೈಪೋಲ್‌ಗಳು. ಅವು ಆಲಿಸುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಮಳೆನೀರು ಕೇಬಲಿನೊಳಗೆ ಇಳಿದರೆ ಎಲ್ಲಿ ಕೆಟ್ಟಿದೆಯೆಂದು ಹುಡುಕುತ್ತ ಸಾಲಿನುದ್ದಕ್ಕೂ ನಡೆಯಬೇಕಿತ್ತು.

ಡೈಪೋಲ್‌ಗಳು ಅಲುಗುವುದಿಲ್ಲ. ಆಕಾಶಕಾಯ ತಾನಾಗಿ ನೆತ್ತಿಯ ಉತ್ತರ-ದಕ್ಷಿಣ ಗೆರೆಗೆ ಬರುವವರೆಗೆ ಕಾಯುತ್ತಿದ್ದೆವು. ದಿನದಿನಕ್ಕೂ ಅದು ನಾಲ್ಕು ನಿಮಿಷ ಮುಂಚೆ ಬರುತ್ತದೆ; ಜುಲೈ ತಿಂಗಳಲ್ಲಿ ಸಿಗ್ನಸ್ ಎ ಬರುವುದು ನಡುರಾತ್ರಿಗೆ. ಸುಮಾರು 75 ಕೋಟಿ ಜ್ಯೋತಿರ್ವರ್ಷ ಆಚೆಯ ಆ ಗೆಲಾಕ್ಸಿಯ ಅಲೆ ತಲುಪಿದಾಗ ಚಾರ್ಟ್ ಕಾಗದದ ಮೇಲೆ ಪೆನ್ನು ನಿಧಾನವಾಗಿ ಏರಿ ಇಳಿಯುತ್ತಿತ್ತು. ಅಲ್ಲಿದ್ದ ಹಿರಿಯ ತಂತ್ರಜ್ಞರೊಬ್ಬರು ಗೆರೆಯ ಮೇಲೆ ಬೆರಳಿಟ್ಟು, "ಇದು ಮಿಂಚು ನೋಡಿ, ಇದು ಯಾವುದೋ ಟ್ರಾನ್ಸ್‌ಮಿಟರ್, ಇದು ಮಾತ್ರ ಆಕಾಶದ್ದು" ಎನ್ನುತ್ತಿದ್ದರು. ನನ್ನ ನಿಜವಾದ ಪಾಠ ಅದೇ.

ಆ ಕಾಲದ ದೊಡ್ಡವರೂ ಕೈಕೆಲಸದಿಂದಲೇ ಬಂದವರು. ವಿ. ರಾಧಾಕೃಷ್ಣನ್ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವೀಧರರು. ಪಿಎಚ್.ಡಿ. ಪ್ರಬಂಧ ಬರೆಯದೆಯೇ ಸ್ವೀಡನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ರಿಸೀವರ್ ಕಟ್ಟುತ್ತ, ಆಕಾಶ ನೋಡುತ್ತ ಬೆಳೆದು, 1972ರಲ್ಲಿ ರಾಮನ್ ಸಂಸ್ಥೆಯ ನಿರ್ದೇಶಕರಾದರು. ಇಂದು ಅಂಥವರನ್ನು ಯಾವ ಸಂದರ್ಶನ ಸಮಿತಿ ಒಳಗೆ ಬಿಟ್ಟೀತು?

1990ರಲ್ಲಿ ದ್ವಾರಕಾನಾಥ್ ಮತ್ತು ಉದಯಶಂಕರ್ ಪ್ರಕಟಿಸಿದ ಆಕಾಶನಕ್ಷೆ ಗೌರಿಬಿದನೂರಿನ ಬಯಲಿನ ಬೆಳೆ. 1997ರ ಹೊತ್ತಿಗೆ ಅಲ್ಲಿಯೇ ಸೂರ್ಯನಿಗೆಂದು ಹೊಸ ರೇಡಿಯೋಹೀಲಿಯೋಗ್ರಾಫ್ ಬಂತು. ಪೆನ್ನು, ಕಾಗದ ಹೋದವು. ನಾರಾಯಣಗಾಂವ್ ಬಳಿ ಗೋವಿಂದ ಸ್ವರೂಪ್ ಎಬ್ಬಿಸಿದ, 45 ಮೀಟರ್ ಅಗಲದ 30 ತಟ್ಟೆಗಳ ದೂರದರ್ಶಕದ ದತ್ತಾಂಶವನ್ನು ವಿದ್ಯಾರ್ಥಿ ಈಗ ಬೆಂಗಳೂರಿನ ಕೋಣೆಯಲ್ಲೇ ಕೂತು ಪಡೆಯುತ್ತಾನೆ. ನಾವು ಕಾಣಲಾರದ ಮಸುಕು ಗೆಲಾಕ್ಸಿಗಳನ್ನು ಅವನು ಕಾಣುತ್ತಾನೆ. ಅದು ನನಗೆ ಸಂತೋಷವೇ.

ಆದರೆ ಗದ್ದಲವನ್ನು ತಂತ್ರಾಂಶ ತಾನೇ ಕಿತ್ತು ಬಿಸಾಡುತ್ತದೆ. ಯಾವುದು ಹೋಯಿತು, ಯಾಕೆ ಹೋಯಿತು ಎಂದು ಕೇಳುವ ಅಭ್ಯಾಸವೂ ಅದರೊಂದಿಗೆ ಹೋಗುತ್ತಿದೆ. ಮೊಬೈಲು, ಉಪಗ್ರಹಗಳಿಂದ ಗದ್ದಲ ಹೆಚ್ಚಿರುವ ಈ ಕಾಲದಲ್ಲೇ ಆ ಅಭ್ಯಾಸ ಹೆಚ್ಚು ಬೇಕು. ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇಷ್ಟೇ: ಹೊಸ ವಿದ್ಯಾರ್ಥಿಗೆ ದತ್ತಾಂಶ ಕೊಡುವ ಮುನ್ನ ಒಂದು ಮಳೆಗಾಲವಾದರೂ ಅವನನ್ನು ಆಂಟೆನಾಗಳ ನಡುವೆ ಇರಿಸಿ.